ಯಾವ ಇಸವಿಗೆ ವಾಪಸ್ ಹೋಗೋದು?

ನಮ್ಮೂರಿನ ಹಳೇ ಕೋರ್ಟ್ ಕಟ್ಟಡ ಕೆಡವ್ತಾರಂತೆ. ಸುದ್ದಿ ಬಂದಿದ್ದು ವಾಟ್ಸಾಪ್ ಗ್ರೂಪಿನಲ್ಲಿ. ಊರು ಬಿಟ್ಟು ಬೆಂಗಳೂರು, ಪುಣೆ, ಡಲ್ಲಾಸ್ ಅಂತ ಚದುರಿಹೋಗಿರುವ ನಮ್ಮಂಥವರ ಗ್ರೂಪು ಅದು. ದಿನಾ ಬೆಳಿಗ್ಗೆ ಹೂವಿನ ಚಿತ್ರದ ಜೊತೆ ಗುಡ್ ಮಾರ್ನಿಂಗ್, ಹಬ್ಬ ಬಂದರೆ ಶುಭಾಶಯ, ಯಾರಾದರೂ ತೀರಿಕೊಂಡರೆ ಸಾಲುಸಾಲಾಗಿ ಓಂ ಶಾಂತಿ. ಅದು ಬಿಟ್ಟರೆ ಅಲ್ಲಿ ಏನೂ ನಡೆಯಲ್ಲ. ಆದರೆ ಅವತ್ತು ಯಾರೋ ಕಟ್ಟಡದ ಫೋಟೊ ಹಾಕಿದ್ದೇ ತಡ, ಗ್ರೂಪು ಎದ್ದು ಕೂತುಬಿಟ್ಟಿತು. ಮಂಗಳೂರು ಹೆಂಚಿನ ಮಾಡು, ಎರಡು ಅಡಿ ದಪ್ಪದ ಗೋಡೆ, ಸುತ್ತಲೂ ಜಗಲಿ, ಜಗಲಿಗೆ ಮರದ ಕಂಬ, ಮುಂದೆ ಒಂದು ದೊಡ್ಡ ಹುಣಸೇಮರ. ಆ ಮರದ ಕೆಳಗೆ ಟೈಪಿಂಗ್ ಮೆಷೀನ್ ಇಟ್ಟುಕೊಂಡು ಕೂರುತ್ತಿದ್ದವರು, ಎದುರಿನ ಹೋಟೆಲಿನ ಖಾಲಿ ದೋಸೆ, ಕೋರ್ಟಿನ ಜವಾನ ಮೂರು ಸಲ ಹೆಸರು ಕೂಗುತ್ತಿದ್ದ ರಾಗ, ಎಲ್ಲರಿಗೂ ಎಲ್ಲವೂ ನೆನಪಾಯಿತು.

‘ಪರಂಪರೆ ಉಳಿಸೋಣ’ ಅಂತ ಸಹಿ ಸಂಗ್ರಹ ಶುರುವಾಯಿತು. ಆಮೇಲೆ ದುಡ್ಡಿನ ಸಂಗ್ರಹ. ನನಗೆ ಪ್ರತ್ಯೇಕವಾಗಿ ಒಂದು ಮೆಸೇಜು: ‘ನೀನು ಬರೀತೀಯಲ್ಲ ಮಾರಾಯ, ಕಟ್ಟಡದ ಬಗ್ಗೆ ಒಂದು ಲೇಖನ ಬರೆದುಕೊಡು. ಓದಿದವರ ಕಣ್ಣಲ್ಲಿ ನೀರು ಬರಬೇಕು.’

ಮೂರು ವಾರ ನಾನು ಉತ್ತರ ಕೊಡಲಿಲ್ಲ. ಕೆಲಸ ಜಾಸ್ತಿ ಅಂತ ಸುಳ್ಳು ಹೇಳಿದೆ. ನಿಜವಾದ ಕಾರಣ ಬೇರೆ ಇತ್ತು. ಆ ಕಟ್ಟಡದ ಒಳಗೆ, ಕಟಕಟೆಯಲ್ಲಿ ನಿಂತು, ದೇವರ ಮೇಲೆ ಪ್ರಮಾಣ ಮಾಡಿ, ನನ್ನ ತಾತ ಒಂದು ಸುಳ್ಳು ಹೇಳಿದ್ದರು.

ಅದನ್ನು ಆಮೇಲೆ ಹೇಳ್ತೀನಿ. ಮೊದಲು ಇನ್ನೊಂದು ಊರಿನ, ಇನ್ನೊಂದು ಕೋರ್ಟಿನ ಕಥೆ. ಯಾಕಂದರೆ ಆ ಕೋರ್ಟನ್ನು ನೋಡಿರದೇ ಇದ್ದಿದ್ದರೆ ನಾನೂ ಹುಣಸೇಮರದ ಬಗ್ಗೆ ಎರಡು ಪುಟ ಬರೆದು ಕಳಿಸಿ, ಲೈಕು ಎಣಿಸಿಕೊಂಡು ಹಾಯಾಗಿ ಇರ್ತಿದ್ದೆ.

ಆನ್‌ಸೈಟ್ ಅಂತ ಕಂಪನಿ ನನ್ನನ್ನು ಆರು ತಿಂಗಳು ಅಮೆರಿಕದ ಮೆಂಫಿಸ್‌ಗೆ ಕಳಿಸಿತ್ತು. ಒಂದು ಶನಿವಾರ ಕಾರು ತೆಗೆದುಕೊಂಡು ದಕ್ಷಿಣಕ್ಕೆ, ಮಿಸಿಸಿಪ್ಪಿ ರಾಜ್ಯದ ಕಡೆ ಹೊರಟೆ. ಹತ್ತಿ ಬೆಳೆಯುವ ಸೀಮೆ ಅದು. ನಮ್ಮ ಬಯಲುಸೀಮೆಯವರಿಗೂ ಇದು ಬಯಲು ಅನ್ನಿಸುವಷ್ಟು ಬಯಲು. ಒಂದೂವರೆ ಗಂಟೆ ಓಡಿಸಿದ ಮೇಲೆ ಸಮ್ನರ್ ಅನ್ನೋ ಊರು ಸಿಗುತ್ತದೆ. ಊರು ಅಂದರೆ ಹೆಚ್ಚುಕಡಿಮೆ ಮುನ್ನೂರು ಜನ. ಪಕ್ಕದಲ್ಲಿ ಒಂದು ನಿಧಾನದ ನೀರಿನ ಹೊಳೆ, ನಡುವೆ ಒಂದು ಚೌಕ, ಚೌಕದಲ್ಲಿ ಊರಿನ ಅಳತೆಗೆ ಸ್ವಲ್ಪವೂ ಹೊಂದದ ಒಂದು ದೊಡ್ಡ ಇಟ್ಟಿಗೆ ಕಟ್ಟಡ. ಟಲಹ್ಯಾಚಿ ಕೌಂಟಿಯ ಕೋರ್ಟ್‌ಹೌಸ್ ಅದು. ಆ ಕೌಂಟಿಗೆ ಎರಡು ಕೇಂದ್ರಗಳು, ಒಂದು ಚಾರ್ಲ್ಸ್‌ಟನ್, ಇನ್ನೊಂದು ಸಮ್ನರ್. ಹಾಗಾಗಿ ಇಷ್ಟು ಸಣ್ಣ ಊರಿಗೂ ಇಷ್ಟು ದೊಡ್ಡ ಕೋರ್ಟು.

ಕಟ್ಟಡದ ವಯಸ್ಸು ನೂರು ದಾಟಿದೆ. 1908ರಲ್ಲಿ ಬೆಂಕಿ ಬಿದ್ದ ಮೇಲೆ ಮತ್ತೆ ಕಟ್ಟಿದ್ದು. ಗಡಿಯಾರ ಇರುವ ಗೋಪುರ, ಅರ್ಧವೃತ್ತದ ಕಮಾನುಗಳು, ಕೋಟೆಯ ಹಾಗೆ ಭಾರವಾದ ಗೋಡೆಗಳು. ಈ ಶೈಲಿಗೆ ರಿಚರ್ಡ್‌ಸೋನಿಯನ್ ರೋಮನೆಸ್ಕ್ ಅಂತಾರೆ. ಹೆನ್ರಿ ಹಾಬ್ಸನ್ ರಿಚರ್ಡ್‌ಸನ್ ಅನ್ನೋ ವಾಸ್ತುಶಿಲ್ಪಿ ಹತ್ತೊಂಬತ್ತನೇ ಶತಮಾನದ ಕೊನೆಯ ಭಾಗದಲ್ಲಿ ಯುರೋಪಿನ ಮಧ್ಯಯುಗದ ಚರ್ಚುಗಳಿಂದ ಕಮಾನು, ಗೋಪುರಗಳನ್ನು ತಂದು ಅಮೆರಿಕಕ್ಕೆ ಒಗ್ಗಿಸಿದ. ಆಮೇಲೆ ಊರೂರಿನ ಕೋರ್ಟುಗಳಿಗೂ ಸರ್ಕಾರಿ ಕಟ್ಟಡಗಳಿಗೂ ಅದೇ ಮಾದರಿ. ಯಾಕೆ ಅಂತ ಎದುರು ನಿಂತರೆ ತಾನೇ ಗೊತ್ತಾಗುತ್ತದೆ. ಕಟ್ಟಡ ನಿಮಗೆ ಹೇಳುತ್ತದೆ: ಇಲ್ಲಿ ನ್ಯಾಯ ಇದೆ, ಅದು ಅಲ್ಲಾಡುವುದಿಲ್ಲ, ನೀನು ಸಣ್ಣವನು. ನಮ್ಮ ಅಠಾರ ಕಚೇರಿಯ ಕೆಂಪು ಗೋಡೆ, ಸಾಲುಕಂಬ ಹೇಳುವುದೂ ಇದನ್ನೇ ಅಲ್ಲವಾ? ಶೈಲಿ ಬೇರೆ, ಮಾತು ಒಂದೇ.

ಕಟ್ಟಡದ ಮುಂದೆ ಒಂದು ಪ್ರತಿಮೆ. ಗುಲಾಮಗಿರಿ ಉಳಿಯಬೇಕು ಅಂತ ಯುದ್ಧ ಮಾಡಿ ಸೋತ ದಕ್ಷಿಣದ ಸೈನಿಕನದ್ದು. 1913ರಲ್ಲಿ ನಿಲ್ಲಿಸಿದ್ದು, ಅಂದರೆ ಯುದ್ಧ ಮುಗಿದು ಹೆಚ್ಚುಕಡಿಮೆ ಐವತ್ತು ವರ್ಷ ಆದಮೇಲೆ. ನ್ಯಾಯ ಕೇಳಿಕೊಂಡು ಬರುವ ಕಪ್ಪು ಜನ ಮೊದಲು ಅವನನ್ನು ದಾಟಿಕೊಂಡೇ ಒಳಗೆ ಹೋಗಬೇಕು. ವಾಸ್ತುಶಿಲ್ಪ ಅಂದರೆ ಬರೀ ಕಮಾನು ಕಂಬ ಅಲ್ಲ, ಬಾಗಿಲಲ್ಲಿ ಯಾರನ್ನು ನಿಲ್ಲಿಸ್ತೀವಿ ಅನ್ನೋದೂ ಹೌದು.

ಈ ಕಟ್ಟಡಕ್ಕೆ ಹೆಸರು ಬಂದಿದ್ದು 1955ರ ಸೆಪ್ಟೆಂಬರಿನ ಐದು ದಿನಗಳಿಂದ.

ಎಮೆಟ್ ಟಿಲ್ ಅನ್ನುವ ಹದಿನಾಲ್ಕು ವರ್ಷದ ಕಪ್ಪು ಹುಡುಗ ಷಿಕಾಗೋದಿಂದ ರಜೆಗೆ ಅಂತ ಮಿಸಿಸಿಪ್ಪಿಯ ನೆಂಟರ ಮನೆಗೆ ಬಂದಿದ್ದ. ನಾವೆಲ್ಲ ಬೇಸಿಗೆ ರಜೆಗೆ ಅಜ್ಜಿ ಮನೆಗೆ ಹೋಗುತ್ತಿದ್ದ ಹಾಗೆ. ಮನಿ ಅನ್ನೋ ಹಳ್ಳಿಯ ಅಂಗಡಿಯಲ್ಲಿದ್ದ ಬಿಳಿ ಹೆಂಗಸಿನ ಜೊತೆ ಅತಿಯಾಗಿ ವರ್ತಿಸಿದ ಅಂತ ಆರೋಪ. ಆಗಸ್ಟ್ 28ರ ನಸುಕಿನಲ್ಲಿ ಅವಳ ಗಂಡ ರಾಯ್ ಬ್ರಯಂಟ್ ಮತ್ತು ಅವನ ಮಲ ಅಣ್ಣ ಜೆ. ಡಬ್ಲ್ಯೂ. ಮೈಲಮ್ ಮನೆಗೆ ನುಗ್ಗಿ ಮಲಗಿದ್ದ ಹುಡುಗನನ್ನು ಎಬ್ಬಿಸಿಕೊಂಡು ಹೋದರು. ಮೂರು ದಿನದ ಮೇಲೆ ಟಲಹ್ಯಾಚಿ ನದಿಯಲ್ಲಿ ಹೆಣ ಸಿಕ್ಕಿತು. ಹತ್ತಿ ಬಿಡಿಸುವ ಯಂತ್ರದ ಫ್ಯಾನನ್ನು ಮುಳ್ಳುತಂತಿಯಿಂದ ಕುತ್ತಿಗೆಗೆ ಕಟ್ಟಿದ್ದರು. ಗುರುತು ಸಿಗದಷ್ಟು ಜಜ್ಜಿದ್ದರು. ತಾಯಿ ಮೇಮಿ, ಷಿಕಾಗೋದಲ್ಲಿ ಮಗನ ಶವಪೆಟ್ಟಿಗೆಯ ಮುಚ್ಚಳ ತೆಗೆದೇ ಇಡಿ, ಜನ ನೋಡಲಿ ಅಂದಳು. ಸಾವಿರಾರು ಜನ ನೋಡಿದರು. ಜೆಟ್ ಪತ್ರಿಕೆ ಫೋಟೊ ಹಾಕಿತು. ಅಮೆರಿಕ ಬೆಚ್ಚಿತು.

ಸಮ್ನರ್‌ನ ಈ ಕೋರ್ಟಿನಲ್ಲಿ ಸೆಪ್ಟೆಂಬರ್ 19ಕ್ಕೆ ವಿಚಾರಣೆ ಶುರುವಾಯಿತು. ಜ್ಯೂರಿಯಲ್ಲಿ ಹನ್ನೆರಡು ಜನ, ಹನ್ನೆರಡೂ ಬಿಳಿ ಗಂಡಸರು. ಜ್ಯೂರಿಗೆ ಜನ ಆರಿಸುತ್ತಿದ್ದದ್ದು ಮತದಾರರ ಪಟ್ಟಿಯಿಂದ. ಕೌಂಟಿಯಲ್ಲಿ ಕಪ್ಪು ಜನರೇ ಹೆಚ್ಚು, ಆದರೆ ಅವರನ್ನು ಆ ಪಟ್ಟಿಗೆ ಸೇರಲು ಬಿಡುತ್ತಿರಲಿಲ್ಲ. ಊರಿನ ಐದು ಜನ ವಕೀಲರೂ ಆರೋಪಿಗಳ ಪರ ನಿಂತರು. ವರದಿಗೆ ಬಂದ ಕಪ್ಪು ಪತ್ರಕರ್ತರಿಗೆ ಮೂಲೆಯಲ್ಲಿ ಒಂದು ಇಸ್ಪೀಟ್ ಮೇಜು. ಮಿಷಿಗನ್ನಿನಿಂದ ಬಂದಿದ್ದ ಕಪ್ಪು ಸಂಸದ ಚಾರ್ಲ್ಸ್ ಡಿಗ್ಸ್ ಕೂಡ ಅಲ್ಲೇ ಕೂರಬೇಕಾಯಿತು. ಆ ದಿನಗಳಲ್ಲಿ ಊರಿನ ಬೋರ್ಡಿನ ಮೇಲೆ ‘ಗಂಡುಹುಡುಗನನ್ನು ಬೆಳೆಸಲು ಒಳ್ಳೆಯ ಊರು’ ಅಂತ ಬರೆದಿತ್ತಂತೆ. ಬಂದ ಪತ್ರಕರ್ತರೆಲ್ಲ ಅದನ್ನು ಗುರುತು ಹಾಕಿಕೊಂಡು ಹೋದರು.

ಆ ಐದು ದಿನದಲ್ಲಿ ಒಂದು ಗಳಿಗೆಯ ಹತ್ತಿರ ನಾನು ಮತ್ತೆ ಮತ್ತೆ ಹೋಗ್ತೀನಿ. ಸಾಕ್ಷಿ ಹೇಳಲು ಮೋಸೆಸ್ ರೈಟ್ ಅನ್ನುವವರು ಬಂದರು. ಹುಡುಗನ ತಾಯಿಯ ಕಡೆಯ ನೆಂಟರು, ವಯಸ್ಸು ಅರವತ್ತು ದಾಟಿತ್ತು, ಬೇರೆಯವರ ಹೊಲ ಪಾಲಿಗೆ ಮಾಡಿಕೊಂಡು ಬದುಕುತ್ತಿದ್ದವರು. ಅವರ ಮನೆಯಿಂದಲೇ ಹುಡುಗನನ್ನು ಎಳೆದುಕೊಂಡು ಹೋಗಿದ್ದು. ಆ ರಾತ್ರಿ ಬಂದವರನ್ನು ತೋರಿಸಿ ಅಂತ ಕೇಳಿದಾಗ ಅವರು ಕುರ್ಚಿಯಿಂದ ಎದ್ದು ನಿಂತರು. ಕೈ ಚಾಚಿದರು. ಬೆರಳು ಮಾಡಿ ತೋರಿಸಿದರು. ಒಬ್ಬ ಕಪ್ಪು ಮನುಷ್ಯ ತುಂಬಿದ ಕೋರ್ಟಿನಲ್ಲಿ ಒಬ್ಬ ಬಿಳಿಯನ ಕಡೆ ಬೆರಳು ಚಾಚುವುದು ಅಂದರೆ ಆ ಸೀಮೆಯಲ್ಲಿ ಸಾವನ್ನು ಕೈಯಾರೆ ಕರೆದ ಹಾಗೆ. ಅರ್ನೆಸ್ಟ್ ವಿದರ್ಸ್ ಅನ್ನೋ ಛಾಯಾಗ್ರಾಹಕ ನಿಷೇಧ ಇದ್ದರೂ ಕದ್ದು ತೆಗೆದ ಫೋಟೊ ಇದೆ. ಮುದುಕರು ನೆಟ್ಟಗೆ ನಿಂತಿದ್ದಾರೆ, ತೋಳು ನೆಟ್ಟಗಿದೆ.

ಜ್ಯೂರಿಗೆ ಬೇಕಾಗಿದ್ದು 67 ನಿಮಿಷ. ನಿರ್ದೋಷಿಗಳು ಅಂತ ಹೇಳಿಬಿಟ್ಟರು. ನಡುವೆ ಸೋಡಾ ಕುಡಿಯದೇ ಇದ್ದಿದ್ದರೆ ಇಷ್ಟು ಹೊತ್ತೂ ಆಗ್ತಿರಲಿಲ್ಲ ಅಂತ ಜ್ಯೂರಿಯೊಬ್ಬ ಆಮೇಲೆ ಹೇಳಿದ. ಮೋಸೆಸ್ ರೈಟ್ ಹತ್ತಿ ಬೆಳೆ ಬಿಟ್ಟು ಷಿಕಾಗೋಗೆ ಹೊರಟುಹೋದರು. ನಾಲ್ಕು ತಿಂಗಳ ಮೇಲೆ, 1956ರ ಜನವರಿಯಲ್ಲಿ, ಇಬ್ಬರೂ ಲುಕ್ ಪತ್ರಿಕೆಯಿಂದ ದುಡ್ಡು ಪಡೆದು ‘ಹೌದು, ನಾವೇ ಕೊಂದಿದ್ದು’ ಅಂತ ವಿವರವಾಗಿ ಹೇಳಿದರು. ಒಂದೇ ಅಪರಾಧಕ್ಕೆ ಎರಡನೇ ಸಲ ವಿಚಾರಣೆ ಮಾಡುವ ಹಾಗಿಲ್ಲ ಅನ್ನೋದು ಕಾನೂನು. ಅಲ್ಲಿಗೆ ಮುಗಿಯಿತು.

ಮುಗಿದ ಮೇಲೆ ಊರು ಏನು ಮಾಡಿತು ಅನ್ನೋದು ನನಗೆ ಮುಖ್ಯ. ಐವತ್ತು ವರ್ಷ ಊರು ಏನೂ ಮಾಡಲಿಲ್ಲ. ಅದರ ಬಗ್ಗೆ ಮಾತಾಡಲಿಲ್ಲ. ವಿಚಾರಣೆಯ ದಾಖಲೆಯ ಪ್ರತಿಯೇ ನಾಪತ್ತೆಯಾಗಿತ್ತು, ಈ ಶತಮಾನದ ಮೊದಲ ವರ್ಷಗಳಲ್ಲಿ ಎಫ್‌ಬಿಐ ಹುಡುಕಿ ತೆಗೆಯಿತು. 1970ರ ದಶಕದಲ್ಲಿ ಕೋರ್ಟ್ ನವೀಕರಣ ಮಾಡುವಾಗ ಒಳಗಿನ ರೂಪವೂ ಬದಲಾಯಿತು. ಆಮೇಲೆ ಕಟ್ಟಡವೂ ಹಳತಾಗುತ್ತಾ ಬಂತು. ದುರಸ್ತಿಗೆ ದೊಡ್ಡ ದುಡ್ಡು ಬೇಕು, ಬಡ ಕೌಂಟಿಯ ಹತ್ತಿರ ಅಷ್ಟಿಲ್ಲ. ಕೋರ್ಟು ಹೋದರೆ ಚೌಕದ ನಾಲ್ಕು ಅಂಗಡಿಗಳೂ ಹೋಗುತ್ತವೆ, ಊರೇ ಹೋಗುತ್ತದೆ.

2006ರಲ್ಲಿ ಜೆರೋಮ್ ಲಿಟಲ್ ಅನ್ನೋ ಕಪ್ಪು ನಾಯಕರ ಮುಂದಾಳತ್ವದಲ್ಲಿ ಒಂದು ಸಮಿತಿ ಆಯಿತು. ಅರ್ಧ ಜನ ಕಪ್ಪು, ಅರ್ಧ ಜನ ಬಿಳಿ. ಮರುವರ್ಷ ಅಕ್ಟೋಬರ್ 2ರಂದು ಕೋರ್ಟಿನ ಮುಂದೆಯೇ, ಟಿಲ್ ಕುಟುಂಬದವರ ಎದುರಿಗೇ, ಒಂದು ಕ್ಷಮಾಪಣೆ ಓದಿದರು. ಅವರ ಮನಸ್ಸಿನಲ್ಲಿ ಗಾಂಧಿ ಜಯಂತಿ ಇತ್ತಾ? ಇರಲಿಕ್ಕಿಲ್ಲ. ಆದರೆ ದಿನಾಂಕ ನೋಡಿದಾಗ ನನಗೆ ಮೈ ಜುಂ ಅಂದಿದ್ದು ಹೌದು. ಆಮೇಲೆ ಕಟ್ಟಡದ ಜೀರ್ಣೋದ್ಧಾರ. ಕೋರ್ಟಿನ ಎದುರಿಗೆ 2015ರಲ್ಲಿ ಎಮೆಟ್ ಟಿಲ್ ಕೇಂದ್ರ ತೆರೆಯಿತು. 2023ರ ಜುಲೈ 25ರಂದು, ಹುಡುಗ ಬದುಕಿದ್ದಿದ್ದರೆ 82 ತುಂಬುತ್ತಿದ್ದ ದಿನ, ಕಟ್ಟಡ ರಾಷ್ಟ್ರೀಯ ಸ್ಮಾರಕದ ಭಾಗವಾಯಿತು.

ಜೀರ್ಣೋದ್ಧಾರ ಅಂದೆನಲ್ಲ, ಅಲ್ಲೇ ಇರೋದು ವಿಷಯ. ಹಳೇ ಕಟ್ಟಡವನ್ನು ಮೊದಲಿನ ಹಾಗೆ ಮಾಡ್ತೀವಿ ಅಂತ ನಾವು ಸಲೀಸಾಗಿ ಹೇಳಿಬಿಡ್ತೀವಿ. ಮೊದಲು ಅಂದರೆ ಯಾವಾಗ? ಕಟ್ಟಡ ನೂರು ವರ್ಷ ನಿಂತಿದ್ದರೆ ಅದಕ್ಕೆ ನೂರು ಮುಖ ಇರುತ್ತದೆ. ಬಣ್ಣ ಹೊಡೆಯುವವನು ಬ್ರಷ್ ಎತ್ತುವ ಮೊದಲು ಯಾರೋ ಒಬ್ಬರು ಒಂದು ಇಸವಿ ಆರಿಸಬೇಕು. ಸಮ್ನರ್‌ನವರು ಆರಂಭೋತ್ಸವದ ಇಸವಿ ಆರಿಸಬಹುದಿತ್ತು. ಹೊಸ ಗೋಪುರ, ಹೊಳೆಯುವ ಮರ, ನಾಚಿಕೆಪಡುವಂಥದ್ದು ಇನ್ನೂ ಏನೂ ನಡೆದಿರದ ಕೋಣೆ. ಅವರು ಆರಿಸಿದ್ದು 1955. ತಾವು ತಲೆ ತಗ್ಗಿಸಬೇಕಾದ ವರ್ಷಕ್ಕೇ ಕೋಣೆಯನ್ನು ವಾಪಸ್ ಕರೆದುಕೊಂಡು ಹೋದರು.

ಮೆಟ್ಟಿಲು ಹತ್ತಿ ಆ ಕೋಣೆಗೆ ಹೋದೆ. ಎತ್ತರದ ಕಿಟಕಿಗಳು, ಮರದ ಬೆಂಚುಗಳು, ಜ್ಯೂರಿಯ ಜಾಗ. ನೋಡಿದರೆ ಭಯ ಆಗುವಂಥದ್ದು ಏನೂ ಇಲ್ಲ, ಅದೇ ಭಯ. ಅದು ಮ್ಯೂಸಿಯಂ ಅಲ್ಲ, ಇವತ್ತಿಗೂ ಕೆಲಸ ಮಾಡುವ ಕೋರ್ಟು. ಸೋಮವಾರ ಯಾರದೋ ಕಳ್ಳತನ, ಯಾರದೋ ಜಾಮೀನು ಅಲ್ಲೇ ನಡೆಯುತ್ತದೆ. ನ್ಯಾಯಾಧೀಶರು ಕೂರುವ ಜಾಗದಿಂದ ಆ ಜ್ಯೂರಿಯ ಜಾಗ ಕಾಣುತ್ತಲೇ ಇರುತ್ತದೆ.

ಕರೆದುಕೊಂಡು ಹೋದ ಮಹಿಳೆ ನಮ್ಮ ಸಣ್ಣ ಗುಂಪಿಗೆ ಒಂದೊಂದು ಹಾಳೆ ಕೊಟ್ಟರು. 2007ರ ಕ್ಷಮಾಪಣೆ. ಒಬ್ಬೊಬ್ಬರು ಒಂದೊಂದು ಸಾಲು ಓದಿ ಅಂದರು. ನನಗೆ ಸಣ್ಣ ತಕರಾರು ಎದ್ದಿತು. ನಾನ್ಯಾಕೆ ಓದಬೇಕು? ನಾನು ಈ ದೇಶದವನಲ್ಲ. 1955ರಲ್ಲಿ ನಮ್ಮಪ್ಪ ಇನ್ನೂ ಒಂದನೇ ಕ್ಲಾಸು. ನನ್ನ ಚರ್ಮದ ಬಣ್ಣ ನೋಡಿದರೆ ಆವತ್ತು ನನ್ನನ್ನೂ ಮೂಲೆಯ ಮೇಜಿಗೇ ಕೂರಿಸುತ್ತಿದ್ದರು. ಮಾಡಿಲ್ಲದ ತಪ್ಪಿಗೆ ಕ್ಷಮೆ ಕೇಳೋದು ನಾಟಕ ಅಲ್ಲವಾ?

ನನ್ನ ಸರದಿ ಬಂತು. ನನಗೆ ಸಿಕ್ಕ ಸಾಲು ಸತ್ಯ ಹೇಳುವುದರಿಂದಲೇ ಸಾಮರಸ್ಯ ಶುರುವಾಗುತ್ತದೆ ಅನ್ನುವ ಅರ್ಥದ್ದು. ಓದಿದೆ. ಅರ್ಧಕ್ಕೆ ಬರುವಷ್ಟರಲ್ಲಿ ದನಿ ಕಟ್ಟಿತು. ಪಕ್ಕದಲ್ಲಿದ್ದ ಹೆಂಗಸು ನನಗೆ ಅಮೆರಿಕದ ಇತಿಹಾಸ ಇಷ್ಟು ತಟ್ಟಿತಲ್ಲ ಅಂತ ಭುಜ ತಟ್ಟಿದಳು. ನನ್ನ ಕಣ್ಣ ಮುಂದೆ ಇದ್ದದ್ದು ಅಮೆರಿಕ ಅಲ್ಲ. ಹೆಂಚಿನ ಮಾಡು, ಹುಣಸೇಮರ, ಕಟಕಟೆಯಲ್ಲಿ ಬಿಳೀ ಪಂಚೆ ಉಟ್ಟು ನಿಂತ ನನ್ನ ತಾತ.

ತಾತ ಶಾಲೆಯ ಹೆಡ್‌ಮಾಸ್ಟರು. ಊರಿನ ಮೇಲಿನ ಬೀದಿಯಲ್ಲಿ ನಮ್ಮ ಮನೆ. 1978ರಲ್ಲಿ, ನಾನು ಹುಟ್ಟುವುದಕ್ಕೆ ಮುಂಚೆ, ದಲಿತರ ಕೇರಿಯ ಒಬ್ಬ ಯುವಕ ದುಡಿದ ಕೂಲಿ ಬಾಕಿ ಕೊಡಿ ಅಂತ ಜಮೀನುದಾರರ ಮನೆ ಬಾಗಿಲಿಗೆ ಹೋಗಿ ನಿಂತ. ಸಂಜೆ ಅವನನ್ನು ಅರಳೀಕಟ್ಟೆಯ ಹತ್ತಿರ ಕಂಬಕ್ಕೆ ಕಟ್ಟಿ ಹೊಡೆದರು. ಜೀವ ಉಳಿಯಿತು, ಒಂದು ಕಿವಿ ಹೋಯಿತು. ತಾತ ವಾಕಿಂಗ್ ಮುಗಿಸಿ ಬರುತ್ತಿದ್ದವರು ನೋಡಿದರು. ಹೊಡೆದವರಲ್ಲಿ ಇಬ್ಬರು ಅವರ ಹಳೇ ಶಿಷ್ಯರೇ. ಹೆಸರು ಹಿಡಿದು ಕೂಗಿ ‘ಬಿಡ್ರೋ’ ಅಂದರಂತೆ ಕೂಡ. ಪೊಲೀಸರು ಬಂದಾಗ ನೋಡಿದ್ದನ್ನು ಹೇಳಿದರು. ಆದರೆ ಕೇಸು ಕೋರ್ಟಿಗೆ ಬರಲು ಎರಡು ವರ್ಷ ಆಯಿತು. ಆ ಎರಡು ವರ್ಷದಲ್ಲಿ ಯಾರೋ ಮನೆಗೆ ಬಂದು ಕಾಫಿ ಕುಡಿದು ಹೋದರು. ಅತ್ತೆಯ ಮದುವೆಯ ಮಾತುಕತೆ ನಡೀತಾ ಇತ್ತು. ‘ಊರಲ್ಲಿ ಬದುಕೋರು ನಾವು ಮೇಷ್ಟ್ರೇ’ ಅಂತ ಒಂದು ಮಾತು ಹೇಳಿ ಹೋದರಂತೆ, ಅಷ್ಟೇ.

ತಾತ ಕಟಕಟೆಯಲ್ಲಿ ನಿಂತು ಹೇಳಿದ್ದು: ‘ಕತ್ತಲಾಗಿತ್ತು. ಯಾರು ಅಂತ ಕಾಣಿಸಲಿಲ್ಲ.’

ಸರ್ಕಾರಿ ವಕೀಲರು ಸಾಕ್ಷಿ ತಿರುಗಿಬಿದ್ದಿದ್ದಾರೆ ಅಂತ ಬರೆಸಿದರು. ಸಂಶಯದ ಲಾಭ ಕೊಟ್ಟು ಎಲ್ಲರನ್ನೂ ಬಿಟ್ಟರು. ನಮ್ಮ ಮನೆಯಲ್ಲಿ ಇದನ್ನು ಯಾರೂ ಕಥೆಯಾಗಿ ಹೇಳಲಿಲ್ಲ. ಅಜ್ಜಿ ಕೊನೇ ದಿನಗಳಲ್ಲಿ ತುಂಡು ತುಂಡಾಗಿ ಹೇಳಿದ್ದನ್ನು ನಾನು ಜೋಡಿಸಿಕೊಂಡೆ. ಆಗ ನನಗೆ ಒಂದು ಹಳೇ ಒಗಟು ಬಿಡಿಸಿತು. ಚಿಕ್ಕವನಿದ್ದಾಗ ತಾತನ ಜೊತೆ ಬಸ್‌ಸ್ಟ್ಯಾಂಡಿಗೆ ಹೋಗುವಾಗ ಅವರು ಯಾವಾಗಲೂ ಕೆರೆ ಏರಿಯ ಮೇಲೆ ಸುತ್ತಿಕೊಂಡು ಹೋಗುತ್ತಿದ್ದರು. ಕೋರ್ಟಿನ ಮುಂದಿನ ನೇರ ರಸ್ತೆಯಲ್ಲಿ ಹೋದರೆ ಐದೇ ನಿಮಿಷ. ‘ಏರಿ ಮೇಲೆ ಗಾಳಿ ಚೆನ್ನಾಗಿರುತ್ತೆ ಕಣೋ’ ಅನ್ನುತ್ತಿದ್ದರು.

ಈಗ ಹೇಳಿ, ಆ ಕಟ್ಟಡದ ಬಗ್ಗೆ ಕಣ್ಣಲ್ಲಿ ನೀರು ಬರುವ ಹಾಗೆ ಏನು ಬರೆಯಲಿ?

ತಾತ ಕೆಟ್ಟವರಾಗಿರಲಿಲ್ಲ. ಅದೇ ಕಷ್ಟ. ಬಡ ಮಕ್ಕಳ ಫೀಸು ತಮ್ಮ ಸಂಬಳದಿಂದ ಕಟ್ಟಿದವರು. ಅವರ ಜಾಗದಲ್ಲಿ ನಾನಿದ್ದಿದ್ದರೆ? ಆಫೀಸಿನಲ್ಲಿ ಮ್ಯಾನೇಜರು ಒಬ್ಬಳನ್ನು ಎಲ್ಲರೆದುರು ಅವಮಾನ ಮಾಡಿದಾಗ ಮ್ಯೂಟ್ ಒತ್ತಿಕೊಂಡು ಕೂತವನು ನಾನು. ‘ನನಗೆ ಆಡಿಯೋ ಸರಿ ಬರ್ತಿರಲಿಲ್ಲ’ ಅಂತ ಆಮೇಲೆ ಅವಳಿಗೆ ಹೇಳಿದವನೂ ನಾನೇ. ಕತ್ತಲಾಗಿತ್ತು, ಕಾಣಿಸಲಿಲ್ಲ. ಆಡಿಯೋ ಬರಲಿಲ್ಲ, ಕೇಳಿಸಲಿಲ್ಲ. ನಮ್ಮ ಮನೆತನದ ವಿದ್ಯೆ ಇದು ಅನ್ನಿಸುತ್ತದೆ ಒಮ್ಮೊಮ್ಮೆ.

ಇದು ನಮ್ಮ ಮನೆಯ ಕಥೆ ಮಾತ್ರವೂ ಅಲ್ಲ. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಮನೆಯೊಳಗೆ ಕೂಡಿ ಸುಟ್ಟರು. 2006ರಲ್ಲಿ ಕೋಲಾರದ ನ್ಯಾಯಾಲಯ ಆರೋಪಿಗಳೆಲ್ಲರನ್ನೂ ಬಿಡುಗಡೆ ಮಾಡಿತು. ಸಾಕ್ಷಿಗಳು ತಿರುಗಿಬಿದ್ದಿದ್ದರು. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಏಳು ಜನ ಸತ್ತಿದ್ದು ನಿಜ, ಕೊಂದವರು ಮಾತ್ರ ಕಾನೂನಿನ ಲೆಕ್ಕದಲ್ಲಿ ಯಾರೂ ಇಲ್ಲ. ಮೋಸೆಸ್ ರೈಟ್ ಎದ್ದು ಬೆರಳು ತೋರಿಸಿದರೂ ಅಲ್ಲಿ ನ್ಯಾಯ ಸಿಗಲಿಲ್ಲ. ಹಾಗಾದರೆ ನನ್ನ ತಾತ ನಿಜ ಹೇಳಿದ್ದರೂ ಏನೂ ಆಗುತ್ತಿರಲಿಲ್ಲವೇನೋ ಅಂತ ಸಮಾಧಾನ ಮಾಡಿಕೊಳ್ಳಬಹುದು. ಮಾಡಿಕೊಂಡೂ ನೋಡಿದೆ. ಆಗಲ್ಲ. ಗೆಲ್ಲುವ ಹಾಗಿದ್ದರೆ ಮಾತ್ರ ನಿಜ ಹೇಳಬೇಕು ಅಂತಿದ್ದಿದ್ದರೆ ಆ ಮುದುಕರು ಯಾಕೆ ಎದ್ದು ನಿಲ್ಲುತ್ತಿದ್ದರು? ಹನ್ನೆರಡು ಮುಖ ನೋಡಿದ ಕೂಡಲೇ ಅವರಿಗೆ ಫಲಿತಾಂಶ ಗೊತ್ತಾಗಿರಬೇಕು. ಅವರು ಬೆರಳು ತೋರಿಸಿದ್ದಕ್ಕೇ ಐವತ್ತು ವರ್ಷದ ಮೇಲೆ ಊರಿಗೆ ವಾಪಸ್ ಹೋಗಲು ಒಂದು ದಾರಿ ಇತ್ತು. ನಮ್ಮೂರಿನ ಕೋರ್ಟಿನ ಕಡತದಲ್ಲಿ ಇರೋದು ‘ಕತ್ತಲಾಗಿತ್ತು’ ಅನ್ನೋ ಸಾಲು ಮಾತ್ರ.

ಇದಕ್ಕೆ ಎದುರು ಮಾತುಗಳು ಇಲ್ಲ ಅಂತಲ್ಲ. ಗೆಳೆಯನೊಬ್ಬನ ಹತ್ತಿರ ಹೇಳಿದಾಗ ಅವನು ಅಂದ, ‘ಎಲ್ಲದಕ್ಕೂ ಜಾತಿ ಗಾಯ ಕೆರೀತೀಯಲ್ಲ. ಅದೊಂದು ಚೆಂದದ ಕಟ್ಟಡ. ಚೆಂದ ಅಂತ ಉಳಿಸೋಕಾಗಲ್ವಾ?’ ನ್ಯಾಯವಾದ ಪ್ರಶ್ನೆ. ಚೆಂದ ಇದೆ, ಸುಳ್ಳಲ್ಲ. ಆ ಗೋಡೆಗಳು ಏಪ್ರಿಲ್ ಬಿಸಿಲಿನಲ್ಲೂ ತಣ್ಣಗಿರುತ್ತಿದ್ದವು. ಕಟ್ಟಿದ ಗಾರೆ ಕೆಲಸದವರ ಕೈಯಲ್ಲಿ ದೋಷ ಇರಲಿಲ್ಲ. ಆದರೆ ಅದು ಛತ್ರ ಅಲ್ಲ, ಕೋರ್ಟು. ಸೇತುವೆಯನ್ನು ಚೆಂದ ಅಂತ ಹೊಗಳುವಾಗ ಅದು ಜನರನ್ನು ದಾಟಿಸಿತಾ ಅಂತ ಕೇಳಬೇಕಾಗುತ್ತೆ.

ಇನ್ನೊಂದು ಮಾತು, ಸಮ್ನರ್‌ನವರೇನು ಸಂತರಾ? ಅಲ್ಲ. ಕಟ್ಟಡ ಬೀಳುವ ಹಾಗಿತ್ತು, ಟಿಲ್ ಕಥೆ ಹೇಳಿದರೆ ದುರಸ್ತಿಗೆ ದುಡ್ಡು ಬರುತ್ತಿತ್ತು. ಸ್ವಾರ್ಥ ಇತ್ತು. ಸೈನಿಕನ ಪ್ರತಿಮೆ ನಾನು ಹೋದಾಗಲೂ ಅಲ್ಲೇ ಇತ್ತು. ಹೆಣ ಸಿಕ್ಕ ಜಾಗ ಅಂತ ನದಿ ದಂಡೆಯಲ್ಲಿ ಹಾಕಿದ ಮೊದಲ ಫಲಕ ಕಳ್ಳತನವಾಯಿತು. ಆಮೇಲೆ ಹಾಕಿದವಕ್ಕೆ ಗುಂಡು ಹೊಡೆದರು. ಕೊನೆಗೆ 2019ರಲ್ಲಿ ಗುಂಡು ತೂರದ ಉಕ್ಕಿನ ಫಲಕ ನಿಲ್ಲಿಸಬೇಕಾಯಿತು, ತೂಕ 500 ಪೌಂಡಿಗೂ ಹೆಚ್ಚು. ಎಲ್ಲರೂ ಬದಲಾದರು ಅನ್ನೋದು ಸುಳ್ಳು. ಆದರೆ ಒಂದು ವ್ಯತ್ಯಾಸ ನೋಡಿ. ಫಲಕಕ್ಕೆ ಗುಂಡು ಹೊಡೆಯಬೇಕಾದರೆ ಮೊದಲು ಫಲಕ ಇರಬೇಕು. ನಮ್ಮೂರಲ್ಲಿ ಗುಂಡು ಹೊಡೆಯುವುದಕ್ಕೆ ಏನೂ ಇಲ್ಲ. ನಮ್ಮಲ್ಲಿ ಶಾಂತಿ ಇದೆ ಅಂತ ನಾವು ಹೇಳಿಕೊಳ್ಳುವುದು ಇದನ್ನೇ.

ಮಾಡದ ತಪ್ಪಿಗೆ ನಾನ್ಯಾಕೆ ಕ್ಷಮೆ ಕೇಳಲಿ ಅನ್ನೋ ತಕರಾರಿಗೂ ಆ ಕೋಣೆಯಲ್ಲೇ ಉತ್ತರ ಸಿಕ್ಕಿತು ಅನ್ನಿಸುತ್ತೆ. ತಾತನ ಮನೆ ನನಗೆ ಬಂತು. ಮೇಷ್ಟ್ರ ಮೊಮ್ಮಗ ಅನ್ನೋ ಮರ್ಯಾದೆ ಬಂತು. ಆವತ್ತು ಅವರು ಸುಮ್ಮನಿದ್ದಿದ್ದಕ್ಕೆ ಅತ್ತೆಯ ಮದುವೆ ಸಸೂತ್ರ ನಡೆಯಿತು, ಅಪ್ಪನ ಓದು ನಿಲ್ಲಲಿಲ್ಲ, ಆ ಓದಿನ ಮೇಲೆ ನನ್ನ ಇಂಜಿನಿಯರಿಂಗ್, ಅದರ ಮೇಲೆ ಮೆಂಫಿಸ್. ಆಸ್ತಿಯಲ್ಲಿ ಪಾಲು ತಗೊಂಡು ಸಾಲ ಬಂದಾಗ ಅದು ತಾತಂದು ಅಂದರೆ ಯಾವ ಬ್ಯಾಂಕಿನವನು ಒಪ್ಪುತ್ತಾನೆ? ಇದು ಪಾಪ ಅಲ್ಲ, ಬಾಕಿ. ತಪ್ಪು ಮಾಡಿದವನು ಮಾತ್ರ ಪಶ್ಚಾತ್ತಾಪ ಪಡಬಲ್ಲ, ನಿಜ. ಆದರೆ ಬಾಕಿ ಇದೆ ಅಂತ ಒಪ್ಪಿಕೊಳ್ಳುವುದನ್ನು ಯಾರು ಬೇಕಾದರೂ ಮಾಡಬಹುದು.

ಮೂರು ವಾರದ ಮೇಲೆ ಗ್ರೂಪಿನಲ್ಲಿ ಬರೆದೆ. ‘ಕಟ್ಟಡ ಉಳಿಸೋಕೆ ನಾನೂ ದುಡ್ಡು ಕೊಡ್ತೀನಿ. ಆದರೆ ಗೋಡೆಯ ಮೇಲೆ ಒಂದು ಫಲಕ ಇರಲಿ. ಇಲ್ಲಿ ಸಿಕ್ಕ ನ್ಯಾಯದ ಜೊತೆಗೆ ಸಿಗದ ನ್ಯಾಯವನ್ನೂ ಬರೆಯೋಣ. 1980ರ ಒಂದು ಕೇಸಿನಿಂದ ಶುರು ಮಾಡಬಹುದು. ಅದರಲ್ಲಿ ಸುಳ್ಳು ಸಾಕ್ಷಿ ಹೇಳಿದ್ದು ನನ್ನ ತಾತ.’

ಗ್ರೂಪು ನಿಶ್ಶಬ್ದ. ಬಹಳ ಹೊತ್ತಿನ ಮೇಲೆ ಒಬ್ಬರು ಕೈ ಮುಗಿಯುವ ಚಿತ್ರ ಹಾಕಿದರು. ಅದು ಮೆಚ್ಚುಗೆಯೋ, ಸಾಕು ನಿಲ್ಲಿಸು ಅಂತಲೋ, ಗೊತ್ತಾಗಲಿಲ್ಲ. ಮರುದಿನ ಬೆಳಿಗ್ಗೆ ಎಂದಿನಂತೆ ಹೂವು, ಗುಡ್ ಮಾರ್ನಿಂಗ್.

ಆಮೇಲೆ ಅಪ್ಪನ ಫೋನು. ಬೈಯುತ್ತಾರೆ ಅಂದುಕೊಂಡೆ. ಬೈದರು ಕೂಡ. ‘ಸತ್ತವರನ್ನ ಯಾಕೋ ಬೀದಿಗೆ ಎಳೀತೀಯ? ಅವರು ಸುಖವಾಗಿದ್ದರು ಅಂದ್ಕೊಂಡಿದ್ದೀಯಾ?’ ನಾನು ಸುಮ್ಮನಿದ್ದೆ. ಸ್ವಲ್ಪ ಹೊತ್ತಿನ ಮೇಲೆ ಅಪ್ಪ ಕೇಳಿದರು, ‘ಫಲಕ ಹಾಕ್ತೀನಿ ಅಂತೀಯಲ್ಲ, ಅವರ ಮನೆಯವರನ್ನ ಕೇಳಿದ್ಯಾ?’

ಕೇಳಿರಲಿಲ್ಲ. ನಿಜ ಹೇಳ್ತೀನಿ, ಹೊಳೆದೂ ಇರಲಿಲ್ಲ. ಸಮ್ನರ್‌ನಲ್ಲಿ ಸಮಿತಿಯ ಅರ್ಧ ಜನ ಕಪ್ಪು ಜನ, ಕ್ಷಮಾಪಣೆ ಓದಿದಾಗ ಎದುರಿಗೆ ಟಿಲ್ ಕುಟುಂಬದವರಿದ್ದರು. ಇಷ್ಟೆಲ್ಲ ನೋಡಿಕೊಂಡು ಬಂದವನು ನಾನು, ಹೊಡೆತ ತಿಂದವನ ಹೆಸರನ್ನು ಅವನ ಮನೆಯವರ ಒಪ್ಪಿಗೆ ಇಲ್ಲದೆ ಗೋಡೆಗೆ ಹಾಕಲು ಹೊರಟಿದ್ದೆ. ನನ್ನ ಬಾಕಿ ತೀರಿಸುವ ಅವಸರದಲ್ಲಿ ಯಾರಿಗೆ ಬಾಕಿ ಅನ್ನೋದನ್ನೇ ಮರೆತಿದ್ದೆ. ಇದು ನನ್ನ ಲೇಖನ, ನನ್ನ ತಾತ, ನನ್ನ ನಾಚಿಕೆ ಆಗಿಹೋಗಿತ್ತು. ಅದಕ್ಕೇ ಈ ಬರಹದಲ್ಲೂ ಅವರ ಹೆಸರು ಇಲ್ಲ. ಅದನ್ನು ಹೇಳುವ ಹಕ್ಕು ನನಗೆ ಇನ್ನೂ ಯಾರೂ ಕೊಟ್ಟಿಲ್ಲ.

ಅಪ್ಪ ಅಂದರು, ‘ಅವನು ಹೋಗಿ ಹತ್ತು ವರ್ಷ ಆಯ್ತು. ಮಗ ಬಸ್‌ಸ್ಟ್ಯಾಂಡ್ ಹತ್ತಿರ ಪಂಚರ್ ಅಂಗಡಿ ಇಟ್ಟಿದ್ದಾನೆ. ನಿನ್ನ ವಯಸ್ಸೇ ಇರಬಹುದು.’ ನಂಬರು ಇದೆಯಾ ಅಂತ ಕೇಳಿದೆ. ‘ನಂಬರ್ ಯಾಕೆ, ಊರಿಗೆ ಬಾ, ನಡ್ಕೊಂಡು ಹೋಗೋಣ’ ಅಂದರು. ಹೋಗೋಣ ಅಂದರು, ಹೋಗು ಅನ್ನಲಿಲ್ಲ.

ಬರುವ ಶನಿವಾರಕ್ಕೆ ಬಸ್ ಬುಕ್ ಮಾಡಿದ್ದೀನಿ. ಆತ ಏನು ಹೇಳಬಹುದು? ಕೆಡವಿಹಾಕಿ ಅನ್ನಬಹುದು. ಆ ಕಟ್ಟಡ ನೋಡಿದರೆ ಅಪ್ಪನ ಕಿವಿ ನೆನಪಾಗುತ್ತೆ, ಒಂದು ಜೆಸಿಬಿ ತಂದು ನೆಲಸಮ ಮಾಡಿ ಅನ್ನಬಹುದು. ಹಾಗಂದರೆ ಅದಕ್ಕೂ ಸಹಿ ಹಾಕಬೇಕಾಗುತ್ತೆ. ಇಲ್ಲ, ಈಗ ಬಂದ್ರಾ ಅಂತ ಟೈರು ತಿರುಗಿಸುತ್ತಾ ಮುಖ ಎತ್ತದೇ ಇರಬಹುದು. ಅದೂ ಅವರ ಇಷ್ಟ.

ಮನೆಯಿಂದ ಬಸ್‌ಸ್ಟ್ಯಾಂಡಿಗೆ ಕೋರ್ಟಿನ ಮುಂದಿನ ರಸ್ತೆಯಲ್ಲಿ ಹೋದರೆ ಐದೇ ನಿಮಿಷ. ಈ ಸಲ ಅಪ್ಪನೂ ನಾನೂ ಆ ರಸ್ತೆಯಲ್ಲೇ ಹೋಗಬೇಕು ಅಂದ್ಕೊಂಡಿದ್ದೀನಿ.